ಬಾಯಿಯ ಬ್ಯಾಕ್ಟೀರಿಯಾ ನೋಡಿ ಮೆದುಳು ಜ್ವರ ಹೇಳಬಹುದಾ?

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಹೊಳೆಹೊನ್ನೂರು ಕಡೆ ಹೋದರೆ ರಸ್ತೆಯ ಎರಡೂ ಬದಿ ಗದ್ದೆ ನೀರಿನಿಂದ ತುಂಬಿರುತ್ತೆ. ನೀರಿನ ಹಿಂದೆ ಬೆಳ್ಳಕ್ಕಿ, ಕೊಕ್ಕರೆ ಬರುತ್ತವೆ. ಸಂಜೆಯಾದರೆ ಸೊಳ್ಳೆ. ನೋಡೋಕೆ ಚೆಂದದ ಜಾಗವೇ. ಆದರೆ ಮಕ್ಕಳ ಡಾಕ್ಟರ ಕಣ್ಣಿಗೆ ನಿಂತ ನೀರು, ನೀರುಹಕ್ಕಿ, ಸೊಳ್ಳೆ ಮೂರೂ ಒಟ್ಟಿಗೆ ಕಂಡರೆ ಒಂದು ಕಾಯಿಲೆ ನೆನಪಾಗುತ್ತೆ, ಅದು ಮೆದುಳು ಜ್ವರ.

ಈ ಸಲದ ವಿಜ್ಞಾನ ಪಾಠಕ್ಕೆ ನಾವು ಎತ್ತಿಕೊಂಡ ಪ್ರಶ್ನೆ ಇದು: ಮಗುವಿನ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನ ನೋಡಿ, ಅದರ ಮೆದುಳಿಗೆ ವೈರಸ್ ಸೋಂಕು ತಗುಲಿದೆಯಾ ಇಲ್ಲವಾ ಅಂತ ಹೇಳೋಕಾಗುತ್ತಾ? ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯೋದಕ್ಕಿಂತ ಬಾಯಿಗೆ ಹತ್ತಿಕಡ್ಡಿ ಹಾಕೋದು ಸುಲಭ ತಾನೇ? ನಾವು ಡಾಕ್ಟರುಗಳಲ್ಲ. ಆದರೆ ಈ ಪ್ರಶ್ನೆಯಲ್ಲಿ ಅರ್ಧ ವೈದ್ಯಶಾಸ್ತ್ರ, ಇನ್ನರ್ಧ ಡೇಟಾ. ಆ ಇನ್ನರ್ಧ ನಮ್ಮ ಪಾಲಿಗೆ ಬರುತ್ತೆ.

ಮೊದಲು ಕಾಯಿಲೆ

ಜನ ಮೆದುಳು ಜ್ವರ ಅಂತ ಒಂದೇ ಹೆಸರಲ್ಲಿ ಕರೆದರೂ ಒಳಗೆ ಹಲವು ಕಾಯಿಲೆಗಳಿವೆ. ಡಾಕ್ಟರುಗಳ ಲೆಕ್ಕ ಸರಳ. ಇದ್ದಕ್ಕಿದ್ದಂತೆ ಜ್ವರ, ಜತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಫಿಟ್ಸ್ ಇದ್ದರೆ ಅದನ್ನ ಒಂದು ಗುಂಪಿಗೆ ಹಾಕಿ, ಕಾರಣ ಆಮೇಲೆ ಹುಡುಕುತ್ತಾರೆ. ಆ ಗುಂಪಿನಲ್ಲಿ ನಮ್ಮ ಕಡೆ ಹೆಚ್ಚು ಹೆಸರಾಗಿರೋದು ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಜೆ.ಇ. ಭಾರತದಲ್ಲಿ ಇದರ ಗುರುತು ಮೊದಲು ಸಿಕ್ಕಿದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. ಕರ್ನಾಟಕದಲ್ಲಿ 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು, ಆಮೇಲೆ ಮಂಡ್ಯ, ಬಳ್ಳಾರಿ, ರಾಯಚೂರಿನಂಥ ನೀರಾವರಿ ಜಿಲ್ಲೆಗಳ ಹೆಸರೂ ಸೇರಿತು.

ಜೆ.ಇ. ವೈರಸ್ಸಿನ ನಿಜವಾದ ಮನೆ ಮನುಷ್ಯ ಅಲ್ಲ. ಅದು ಕೊಕ್ಕರೆ ಜಾತಿಯ ನೀರುಹಕ್ಕಿಗಳಲ್ಲಿ ಇರುತ್ತೆ, ಹಂದಿಗಳಲ್ಲಿ ದುಪ್ಪಟ್ಟು ಮುಪ್ಪಟ್ಟಾಗಿ ಬೆಳೆಯುತ್ತೆ. ಭತ್ತದ ಗದ್ದೆಯ ನಿಂತ ನೀರಲ್ಲಿ ಮೊಟ್ಟೆಯಿಡುವ ಕ್ಯೂಲೆಕ್ಸ್ ಸೊಳ್ಳೆ ಅದನ್ನ ಹೊತ್ತು ತಿರುಗುತ್ತೆ. ಮನುಷ್ಯನ ರಕ್ತದಲ್ಲಿ ವೈರಸ್ ಇರೋದು ಸ್ವಲ್ಪ ದಿನ, ಅದೂ ಕಡಿಮೆ ಪ್ರಮಾಣದಲ್ಲಿ. ಹಾಗಾಗಿ ನಮ್ಮಿಂದ ಸೊಳ್ಳೆಗೆ ವಾಪಸ್ ಹೋಗೋದಿಲ್ಲ, ನೆಟ್‌ವರ್ಕ್ ಭಾಷೆಯಲ್ಲಿ ನಾವು ಡೆಡ್ ಎಂಡ್. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಗಂಭೀರ ಕಾಯಿಲೆ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಡಿಮೆ ಅನಿಸುತ್ತೆ ಅಲ್ವಾ? ಆದರೆ ಆ ಒಬ್ಬರಾದವರಲ್ಲಿ ನೂರಕ್ಕೆ 30ರವರೆಗೂ ಸಾಯಬಹುದು. ಬದುಕಿದವರಲ್ಲೂ ಅನೇಕ ಮಕ್ಕಳಿಗೆ ಮಾತು, ನಡಿಗೆ, ಕಲಿಕೆ ಮೊದಲಿನಂತೆ ಬರೋದಿಲ್ಲ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಲಸಿಕೆ ಇದೆ.

ಲಸಿಕೆಯ ವಿಷಯ ಬಂದಿದ್ದಕ್ಕೆ ಒಂದು ಮಾತು. 2022ರ ಡಿಸೆಂಬರಿನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಜೆ.ಇ. ಲಸಿಕೆ ಅಭಿಯಾನ ಶುರುವಾಯಿತು. ಹಾಸನ, ಹಾವೇರಿ, ಉಡುಪಿ, ದಕ್ಷಿಣ ಕನ್ನಡ, ತುಮಕೂರು ಎಲ್ಲ ಅದರಲ್ಲಿದ್ದವು. ಬಳ್ಳಾರಿ, ರಾಯಚೂರು, ಮಂಡ್ಯದಂಥ ಕಡೆ ಅದಕ್ಕೂ ಮೊದಲೇ ಕೊಡುತ್ತಿದ್ದರು. ಶಿವಮೊಗ್ಗ ಆ ಹತ್ತರಲ್ಲಿ ಇರಲಿಲ್ಲ. ಆದರೆ ಜಿಲ್ಲೆಯ ಗಡಿ ಸೊಳ್ಳೆಗೆ ಗೊತ್ತಿರೋದಿಲ್ಲ. ಮನೆಯಲ್ಲಿ ತಮ್ಮ ತಂಗಿ, ಅಕ್ಕನ ಮಕ್ಕಳು ಇದ್ದರೆ ತಾಯಿ ಕಾರ್ಡ್ ತೆಗೆದು ಆಶಾ ಕಾರ್ಯಕರ್ತೆಗೆ ತೋರಿಸಿ ಕೇಳೋದರಲ್ಲಿ ನಷ್ಟ ಇಲ್ಲ.

ನಮ್ಮ ಜಿಲ್ಲೆಗೆ ತನ್ನದೇ ಆದ ಇನ್ನೊಂದು ವೈರಸ್ ಇದೆ ಅಂತ ನಿಮಗೆಲ್ಲ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋದರಿಂದ ಬಯಲಿಗೆ ಬಂದ ಮಂಗನ ಕಾಯಿಲೆ. ಅದು ಉಣುಗಿನಿಂದ ಹರಡುತ್ತೆ, ಮಲೆನಾಡಿನದು. ಜೆ.ಇ. ಸೊಳ್ಳೆಯಿಂದ, ಗದ್ದೆ ಬಯಲಿನದು. ಆದರೆ ಎರಡು ವೈರಸ್ಸೂ ಒಂದೇ ಕುಲದವು, ಫ್ಲೇವಿವೈರಸ್. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಮೊದಲ ಜ್ವರ ಇಳಿದು, ಒಂದೆರಡು ವಾರ ಬಿಟ್ಟು ಎರಡನೇ ಜ್ವರ ಬರುತ್ತೆ. ಆಗ ತಲೆನೋವು, ನಡುಕ, ಗೊಂದಲ ಅಂತ ಮೆದುಳಿನ ಲಕ್ಷಣಗಳು ಕಾಣುತ್ತವೆ. ಡೆಂಗಿ, ಜೀಕಾ, ವೆಸ್ಟ್ ನೈಲ್ ಕೂಡ ಇದೇ ಕುಲ. ವೆಸ್ಟ್ ನೈಲ್ ಹೆಸರು ನೆನಪಿರಲಿ, ಮುಂದೆ ಬರುತ್ತೆ.

ಬಾಯಿಗೂ ಮೆದುಳಿಗೂ ಇರುವ ದಾರಿಗಳು

1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥ ಕೆರೆದು ಲೆನ್ಸಿನಡಿ ಇಟ್ಟು, ಓಡಾಡುವ ಸಣ್ಣ ಜೀವಿಗಳನ್ನ ಕಂಡ. ಬಟ್ಟೆ ವ್ಯಾಪಾರಿ ಆತ, ಯಾವ ಡಿಗ್ರಿಯೂ ಇರಲಿಲ್ಲ. ಮನುಷ್ಯರ ಬಾಯಿಗಳಲ್ಲಿ ಒಟ್ಟು 700ರಷ್ಟು ಜಾತಿಯ ಬ್ಯಾಕ್ಟೀರಿಯಾ ಇವೆ ಅಂತ ಇವತ್ತಿನ ಲೆಕ್ಕ. ಒಬ್ಬೊಬ್ಬರ ಬಾಯಲ್ಲಿ ಅದರ ಒಂದು ಭಾಗ. ಸ್ಟ್ರೆಪ್ಟೋಕಾಕಸ್, ನೈಸೀರಿಯಾ, ಪ್ರೆವೊಟೆಲ್ಲಾ, ವೆಯ್ಲೊನೆಲ್ಲಾ ಇವು ಎಲ್ಲರ ಬಾಯಲ್ಲೂ ಇರುವ ಹಳೇ ಬಾಡಿಗೆದಾರರು.

ಇವುಗಳಲ್ಲಿ ಕೆಲವು ನೇರವಾಗಿ ಮೆದುಳಿಗೆ ಹೋಗುತ್ತವೆ, ಅದು ಹಳೆಯ ಸಂಗತಿ. ಮೂಗು ಗಂಟಲಿನಲ್ಲಿ ಸುಮ್ಮನೆ ಕೂತಿರುವ ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಬ್ಯಾಕ್ಟೀರಿಯಾಗಳು ಒಮ್ಮೊಮ್ಮೆ ರಕ್ತಕ್ಕೆ ಸೇರಿ ಮೆದುಳಿನ ಪೊರೆಗೆ ತಲುಪಿ ಮೆನಿಂಜೈಟಿಸ್ ಮಾಡುತ್ತವೆ. ಇನ್ನು ವೈರಸ್ಸುಗಳಿಗೂ ಬಾಯಿ ಒಂದು ಬಾಗಿಲೇ. ಪೋಲಿಯೋ ಬಾಯಿಂದಲೇ ಒಳಗೆ ಹೋಗೋದು. ಕೈ ಕಾಲು ಬಾಯಿ ರೋಗ ತರುವ ಎಂಟೆರೊವೈರಸ್ 71 ಕೂಡ ಹಾಗೆ. ಸಾಮಾನ್ಯವಾಗಿ ಬಾಯಿಹುಣ್ಣು, ಅಂಗೈ ಗುಳ್ಳೆಯಲ್ಲೇ ಮುಗಿಯುವ ಈ ಸೋಂಕು 1998ರಲ್ಲಿ ತೈವಾನಿನಲ್ಲಿ ಮೆದುಳಿಗೆ ಹತ್ತಿ 78 ಮಕ್ಕಳು ಸತ್ತರು. ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಮುಖದ ನರದ ಗಂಟಿನಲ್ಲಿ ವರ್ಷಗಟ್ಟಲೆ ಮಲಗಿರುತ್ತೆ. ಅಪರೂಪಕ್ಕೆ ಅದೇ ವೈರಸ್ ಮೆದುಳು ಜ್ವರವನ್ನೂ ತರುತ್ತೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಏಳು ಜನ ಉಳಿಯೋದಿಲ್ಲ. ಆದರೆ ಇದಕ್ಕೆ ಅಸೈಕ್ಲೋವಿರ್ ಅನ್ನೋ ಔಷಧಿ ಇದೆ, ಬೇಗ ಕೊಟ್ಟರೆ ಜೀವ ಉಳಿಯುತ್ತೆ. ಅದಕ್ಕೇ ಮೆದುಳು ಜ್ವರದ ಮಗು ಆಸ್ಪತ್ರೆಗೆ ಬಂದರೆ ಡಾಕ್ಟರು ರಿಪೋರ್ಟಿಗೆ ಕಾಯದೆ ಆಂಟಿಬಯಾಟಿಕ್ಕು, ಅಸೈಕ್ಲೋವಿರ್ ಎರಡನ್ನೂ ಶುರು ಮಾಡೋದು.

ಜೆ.ಇ. ಇವುಗಳ ಹಾಗಲ್ಲ. ಅದು ಚರ್ಮದಿಂದ ಬರುತ್ತೆ, ಸೊಳ್ಳೆಯ ಮೂತಿಯಿಂದ. ಬಾಯಿಯ ಬ್ಯಾಕ್ಟೀರಿಯಾಗೂ ಅದಕ್ಕೂ ದಾರಿಯಲ್ಲಿ ಭೇಟಿಯೇ ಆಗೋದಿಲ್ಲ. ಹಾಗಾದರೆ ಜೆ.ಇ. ಬಂದ ಮಗುವಿನ ಬಾಯಲ್ಲಿ ಬೇರೆ ಥರದ ಬ್ಯಾಕ್ಟೀರಿಯಾ ಗುಂಪು ಸಿಕ್ಕರೆ ಅರ್ಥ ಏನು?

ಡೇಟಾ ಹೇಗೆ ಮೋಸ ಮಾಡುತ್ತೆ

ಇಂಥ ಅಧ್ಯಯನ ಮಾಡುವ ಕ್ರಮ ಹೀಗೆ. ಗಂಟಲಿನಿಂದ ಸ್ವಾಬ್ ತೆಗೆದು ಡಿ.ಎನ್.ಎ. ಬೇರ್ಪಡಿಸುತ್ತಾರೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1500 ಅಕ್ಷರಗಳ 16ಎಸ್ ಅನ್ನೋ ಜೀನಿನ ಒಂದು ತುಂಡನ್ನ ಪಿ.ಸಿ.ಆರ್. ಮಾಡಿ ಓದುತ್ತಾರೆ. ಆ ತುಂಡಿನ ಅಕ್ಷರ ನೋಡಿದರೆ ಇದು ಯಾವ ಕುಲದ್ದು ಅಂತ ಗೊತ್ತಾಗುತ್ತೆ, ಆಧಾರ್ ನಂಬರ್ ಇದ್ದ ಹಾಗೆ. ಕೊನೆಗೆ ಸಿಗೋದು ಒಂದು ಟೇಬಲ್: ಸಾಲಿನಲ್ಲಿ ಮಕ್ಕಳು, ಕಂಬದಲ್ಲಿ ಬ್ಯಾಕ್ಟೀರಿಯಾಗಳು, ಒಳಗೆ ಶೇಕಡಾವಾರು. ಒಂದು ಮಾತು ಗಮನಿಸಿ. ವೈರಸ್ಸಿಗೆ 16ಎಸ್ ಜೀನ್ ಇಲ್ಲ. ಅಂದರೆ ಈ ಪರೀಕ್ಷೆಗೆ ವೈರಸ್ ಕಾಣೋದೇ ಇಲ್ಲ. ವೈರಸ್ ಬಂದು ಹೋದ ನೆರಳನ್ನ ಬ್ಯಾಕ್ಟೀರಿಯಾಗಳಲ್ಲಿ ಹುಡುಕೋದು, ಅಷ್ಟೇ.

ಶೇಕಡಾವಾರಿನಲ್ಲೇ ಮೊದಲ ತೊಡಕು. ಒಂದು ಬಾಯಲ್ಲಿ ಸ್ಟ್ರೆಪ್ಟೋಕಾಕಸ್ 50, ನೈಸೀರಿಯಾ 30, ಪ್ರೆವೊಟೆಲ್ಲಾ 20 ಇವೆ ಅಂತ ಇಟ್ಟುಕೊಳ್ಳಿ. ಒಟ್ಟು 100. ಆಂಟಿಬಯಾಟಿಕ್ ಬಿತ್ತು, ನೈಸೀರಿಯಾ ಪೂರ್ತಿ ಸತ್ತಿತು, ಉಳಿದ ಎರಡು ಹಾಗೇ ಇವೆ. ಈಗ ಒಟ್ಟು 70. ಪ್ರೆವೊಟೆಲ್ಲಾ ಪಾಲು 20ನ್ನ 70ರಿಂದ ಭಾಗಿಸಿದರೆ ಶೇ. 28.6. ಒಂದೇ ಒಂದು ಪ್ರೆವೊಟೆಲ್ಲಾ ಹೊಸದಾಗಿ ಹುಟ್ಟಿಲ್ಲ, ಆದರೂ ಗ್ರಾಫಿನಲ್ಲಿ ಅದು 20ರಿಂದ 28.6ಕ್ಕೆ ಏರಿತು. "ಮೆದುಳು ಜ್ವರದ ಮಕ್ಕಳಲ್ಲಿ ಪ್ರೆವೊಟೆಲ್ಲಾ ಹೆಚ್ಚು" ಅಂತ ತಲೆಬರಹ ಬರೆಯೋಕೆ ಇಷ್ಟು ಸಾಕು. ಛೇದ ಬದಲಾದದ್ದನ್ನ ಯಾರೂ ಕೇಳೋದಿಲ್ಲ.

ಎರಡನೆಯದು ಸಂಖ್ಯೆ. ಮೆದುಳು ಜ್ವರದ ಮಕ್ಕಳು ಅದೃಷ್ಟಕ್ಕೆ ಕಡಿಮೆ. ಹಾಗಾಗಿ ಇಂಥ ಹೋಲಿಕೆಗೆ ಎರಡೂ ಕಡೆ ಇಪ್ಪತ್ತು ಮೂವತ್ತು ಮಕ್ಕಳು ಸಿಕ್ಕರೆ ಹೆಚ್ಚು. ಕಂಬಗಳು ಮಾತ್ರ 300 ಇರಬಹುದು. 300 ಬ್ಯಾಕ್ಟೀರಿಯಾಗಳನ್ನ ಒಂದೊಂದಾಗಿ ಹೋಲಿಸಿ ಶೇ. 5ರ ಗೆರೆ ಎಳೆದರೆ, ನಿಜದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಸರಾಸರಿ 15 ಬ್ಯಾಕ್ಟೀರಿಯಾಗಳು ಬರೀ ಆಕಸ್ಮಿಕವಾಗಿ "ವ್ಯತ್ಯಾಸ ಇದೆ" ಅಂತ ಕೈ ಎತ್ತುತ್ತವೆ. ಆ 15ನ್ನೇ ಆರಿಸಿ ಮೆಷಿನ್ ಲರ್ನಿಂಗ್ ಮಾಡೆಲ್ಲಿಗೆ ಕೊಟ್ಟು, ಅದೇ ಮಕ್ಕಳ ಮೇಲೆ ಟೆಸ್ಟ್ ಮಾಡಿದರೆ ನಿಖರತೆ ಶೇ. 95 ಬಂದರೂ ಆಶ್ಚರ್ಯ ಇಲ್ಲ. ನಮ್ಮ ಪ್ರಾಜೆಕ್ಟ್ ವೈವಾಗಳಲ್ಲಿ ಇಂಥ 95ನ್ನ ನಾವೆಲ್ಲ ನೋಡಿದ್ದೇವೆ, ಯಾರ ಪ್ರಾಜೆಕ್ಟ್ ಅಂತ ಹೇಳೋದು ಬೇಡ.

ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಕಾಲದ ಕ್ರಮ. ಹೊಳೆಹೊನ್ನೂರಿನ ಆಚೆ ಯಾವುದೋ ಹಳ್ಳಿಯ ಮಗುವಿಗೆ ಜ್ವರ ಬಂತು ಅಂದುಕೊಳ್ಳಿ. ಮೊದಲ ದಿನ ಮೆಡಿಕಲ್ ಶಾಪಿನ ಸಿರಪ್. ಎರಡನೇ ದಿನ ಕ್ಲಿನಿಕ್ಕಿನಲ್ಲಿ ಒಂದು ಆಂಟಿಬಯಾಟಿಕ್. ಮೂರನೇ ದಿನ ಊಟ ಬಿಟ್ಟಿತು, ಬಾಯಿ ಒಣಗಿತು, ಹಲ್ಲುಜ್ಜಿಲ್ಲ. ಆ ರಾತ್ರಿ ಫಿಟ್ಸ್, ಆಂಬುಲೆನ್ಸ್, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಅಲ್ಲಿ ಇನ್ನೆರಡು ಇಂಜೆಕ್ಷನ್, ಮೂಗಿಗೆ ನಳಿಕೆ. ನಾಲ್ಕನೇ ದಿನ ಯಾರೋ ಬಂದು ಗಂಟಲಿನ ಸ್ವಾಬ್ ತೆಗೆದರು. ಆ ಸ್ವಾಬಿನಲ್ಲಿ ವೈರಸ್ಸಿನ ಕತೆ ಇದೆಯೋ, ಈ ನಾಲ್ಕು ದಿನದ ಕತೆ ಇದೆಯೋ? ಹೋಲಿಕೆಗೆ ತೆಗೆದುಕೊಂಡ ಮಗು ಲಸಿಕೆಗೆ ಬಂದ ಆರೋಗ್ಯವಂತ ಮಗುವಾದರೆ ಈ ಪ್ರಶ್ನೆಗೆ ಉತ್ತರ ಸಿಗೋದೇ ಇಲ್ಲ. ನ್ಯುಮೋನಿಯಾದಿಂದಲೋ ಡೆಂಗಿಯಿಂದಲೋ ಅದೇ ವಾರ್ಡಿನಲ್ಲಿ ಅಷ್ಟೇ ದಿನ ಅದೇ ಔಷಧಿ ತಗೊಂಡು ಮಲಗಿರುವ ಮಗುವಿನ ಜತೆ ಹೋಲಿಸಬೇಕು.

ಇದರಲ್ಲೇ ಇನ್ನೊಂದು ಗಂಟು ಇದೆ. ಬೆನ್ನಿನ ನೀರಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸೋಂಕಾದರೆ ಸಾಮಾನ್ಯವಾಗಿ ಸಕ್ಕರೆ ಅಂಶ ಇಳಿದಿರುತ್ತೆ, ಕೀವಿನ ಕಣಗಳು ಹೆಚ್ಚಿರುತ್ತವೆ, ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ವೈರಸ್ಸಾದರೆ ಸಕ್ಕರೆ ಹೆಚ್ಚಾಗಿ ಸರಿಯಾಗೇ ಇರುತ್ತೆ. ಆದರೆ ಮೊದಲೇ ಅರ್ಧಂಬರ್ಧ ಆಂಟಿಬಯಾಟಿಕ್ ಕುಡಿದ ಮಗುವಿನಲ್ಲಿ ಕಲ್ಚರ್ ಖಾಲಿ ಬರಬಹುದು. ಆಗ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ವೈರಸ್ಸಿನ ಹಾಗೆ ಕಾಣುತ್ತೆ. ಜೆ.ಇ. ಪತ್ತೆ ಮಾಡುವ ಐ.ಜಿ.ಎಂ. ಪರೀಕ್ಷೆ ಕೂಡ ಕಾಯಿಲೆಯ ಮೊದಲ ಕೆಲವು ದಿನ ನೆಗೆಟಿವ್ ಬರಬಹುದು. ಅಂದರೆ ನಮ್ಮ ಟೇಬಲ್ಲಿನಲ್ಲಿ "ವೈರಲ್" ಅಂತ ಬರೆದ ಲೇಬಲ್ಲೇ ಕೆಲವು ಸಾಲುಗಳಲ್ಲಿ ತಪ್ಪಿರಬಹುದು. ಲೇಬಲ್ ತಪ್ಪಿದರೆ ಯಾವ ಅಲ್ಗಾರಿದಂ ಕಾಪಾಡುತ್ತೆ?

ಲೇಬಲ್ ತಪ್ಪಿದ್ದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಗಳಿವೆ. ಬಿಹಾರದ ಮುಜಫರ್‌ಪುರದಲ್ಲಿ ಪ್ರತಿ ಬೇಸಿಗೆ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. ವರ್ಷಗಟ್ಟಲೆ ವೈರಸ್ ಹುಡುಕಿದರು. 2014ರಲ್ಲಿ ನಡೆದ ತನಿಖೆಯ ವರದಿ 2017ರಲ್ಲಿ ಪ್ರಕಟವಾದಾಗ ಗೊತ್ತಾಗಿದ್ದು: ಲಿಚಿ ಹಣ್ಣಿನಲ್ಲಿರುವ ಒಂದು ವಿಷ, ಜತೆಗೆ ರಾತ್ರಿ ಊಟ ಮಾಡದೆ ಮಲಗಿದ್ದು, ಎರಡೂ ಸೇರಿ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಗ್ಲೂಕೋಸ್ ಬೇಗ ಕೊಟ್ಟರೆ ಉಳಿಸಬಹುದಾದ ಮಕ್ಕಳು ಅವರು. ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಮೊದಲು ಜೆ.ಇ. ಇತ್ತು, ನಿಜ. ಆದರೆ ಆಮೇಲಿನ ವರ್ಷಗಳ ಪ್ರಕರಣಗಳಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್ ಅಂತ ಬಯಲಾಯಿತು. ಅದು ಪೊದೆಯ ಸಣ್ಣ ಹುಳ ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕು, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಔಷಧಿಗೆ ಬಗ್ಗುತ್ತೆ. ಎರಡೂ ಕಡೆ "ವೈರಸ್ ಇರಬೇಕು" ಅನ್ನೋ ಊಹೆಯ ಬೆಲೆ ಕೊಟ್ಟವರು ಮಕ್ಕಳು.

ಹಾಗಂತ ಸಂಬಂಧವೇ ಇಲ್ಲವಾ?

ಇದೆ, ಆದರೆ ನಾವು ನಿರೀಕ್ಷಿಸಿದ ಜಾಗದಲ್ಲಿ ಅಲ್ಲ. 2011ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡಿದ ಇಲಿಗಳಿಗೆ ಪೋಲಿಯೋ ವೈರಸ್ ಬಾಯಿಂದ ಕೊಟ್ಟರೆ ಕಾಯಿಲೆ ಕಡಿಮೆಯಾಯಿತು. ಬ್ಯಾಕ್ಟೀರಿಯಾದ ಹೊರಪೊರೆಯ ಪದಾರ್ಥಕ್ಕೆ ವೈರಸ್ ಅಂಟಿಕೊಂಡು ಗಟ್ಟಿಯಾಗುತ್ತಿತ್ತು, ಅಂದರೆ ಬ್ಯಾಕ್ಟೀರಿಯಾ ವೈರಸ್ಸಿಗೆ ಕೈ ಜೋಡಿಸಿತ್ತು. 2018ರ ಇನ್ನೊಂದು ಪ್ರಯೋಗ ಇದಕ್ಕೆ ತದ್ವಿರುದ್ಧ. ಆಂಟಿಬಯಾಟಿಕ್ ಕುಡಿಸಿದ ಇಲಿಗಳಿಗೆ ವೆಸ್ಟ್ ನೈಲ್ ವೈರಸ್ ಚುಚ್ಚಿದಾಗ ಕಾಯಿಲೆ ಹೆಚ್ಚು ಉಗ್ರವಾಯಿತು. ವೈರಸ್ ತುಂಬಿದ ಕೋಶಗಳನ್ನ ಕೊಲ್ಲುವ ಟಿ ಕೋಶಗಳ ಬಲ ಕುಗ್ಗಿತ್ತು. ಇಲ್ಲಿ ಬ್ಯಾಕ್ಟೀರಿಯಾ ಕಾವಲುಗಾರ. ವೆಸ್ಟ್ ನೈಲ್ ಅಂದರೆ ಜೆ.ಇ.ಯ ಹತ್ತಿರದ ನೆಂಟ. ಆದರೆ ಇವೆರಡೂ ಇಲಿ, ಇವೆರಡೂ ಕರುಳು. ಮಗುವಿನ ಬಾಯಿಗೆ ನೇರ ತಂದು ಅಂಟಿಸೋಕೆ ಬರೋದಿಲ್ಲ. ಜ್ವರ ಬಂದ ತಕ್ಷಣ ಕೇಳದೇ ಆಂಟಿಬಯಾಟಿಕ್ ಕೊಡೋದನ್ನ ಇನ್ನೊಮ್ಮೆ ಯೋಚಿಸುವಂತೆ ಮಾಡುತ್ತೆ, ಅಷ್ಟು ಸರಿ.

ಇಲಿಗಳ ಪ್ರಯೋಗಾಲಯ ಬಿಟ್ಟು ವಾರ್ಡಿಗೆ ಬಂದರೆ ಬಾಯಿಯ ಬ್ಯಾಕ್ಟೀರಿಯಾ ಮಾಡುವ ಕೆಲಸ ಬಹಳ ಸಾದಾ, ಬಹಳ ಅಪಾಯಕಾರಿ. ಪ್ರಜ್ಞೆ ತಪ್ಪಿದ ಮಗುವಿಗೆ ನುಂಗೋಕೆ ಬರೋದಿಲ್ಲ. ಎಂಜಲು, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತೆ, ಅದರ ಜತೆ ಬಾಯಿಯ ಬ್ಯಾಕ್ಟೀರಿಯಾಗಳೂ ಇಳಿದು ನ್ಯುಮೋನಿಯಾ ಆಗುತ್ತೆ. ಮೆದುಳಿನ ವೈರಸ್ಸಿನಿಂದ ಪಾರಾಗಬಹುದಾದ ಮಗುವನ್ನ ಇದು ಕೆಡವಬಹುದು. ಐ.ಸಿ.ಯು.ನಲ್ಲಿ ನರ್ಸಕ್ಕ ಗಂಟೆಗೊಮ್ಮೆ ಬಂದು ಬಾಯಿ ಒರೆಸಿ, ಮಗುವನ್ನ ಮಗ್ಗುಲಿಗೆ ತಿರುಗಿಸಿ, ತಲೆ ಎತ್ತರ ಮಾಡಿ ಹೋಗೋದು ಇದಕ್ಕೇ. ಮಲಗಿದ್ದ ಮಗುವಿಗೆ "ಒಂದು ಗುಟುಕು ಕಾಫಿ ಆದ್ರೂ ಹೋಗ್ಲಿ" ಅಂತ ಬಾಯಿಗೆ ಹನಿಸುವ ಅಜ್ಜಿಯರನ್ನ ತಡೆಯೋದೂ ಇದಕ್ಕೇ.

ಮನೆಯಲ್ಲಿ ಫಿಟ್ಸ್ ಬಂದಾಗಲೂ ಇದೇ ಲೆಕ್ಕ. ಕೈಗೆ ಕಬ್ಬಿಣ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು ಪ್ರಯೋಜನ ಇಲ್ಲದಿದ್ದರೂ ದೊಡ್ಡ ಹಾನಿ ಮಾಡೋದಿಲ್ಲ. ಹಲ್ಲು ಕಚ್ಚಿದೆ ಅಂತ ಚಮಚ ತುರುಕಿ ಬಾಯಿ ಬಿಡಿಸೋದು, ನೀರು ಹಾಕೋದು ಮಾತ್ರ ಮಾಡಲೇಬಾರದು. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಎಂಜಲು ಹೊರಗೆ ಹರಿಯಲಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಫಿಟ್ಸ್ ನಿಂತ ಮೇಲೂ ಮಗು ಸರಿಯಾಗಿ ಎಚ್ಚರಾಗದಿದ್ದರೆ, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೇ ಹೋಗಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಬರೀ ಜ್ವರಕ್ಕೆ ಬರುವ ಫಿಟ್ಸ್ ಸಾಮಾನ್ಯ, ಹೆಚ್ಚಿನವು ಮೆದುಳು ಜ್ವರ ಅಲ್ಲ. ಆದರೆ ಯಾವುದು ಯಾವುದು ಅಂತ ಹೇಳೋದು ಡಾಕ್ಟರ ಕೆಲಸ, ಪಕ್ಕದ ಮನೆಯವರದ್ದಲ್ಲ.

ಹೊಳೆಹೊನ್ನೂರಿನಲ್ಲಿ ಸ್ವಾಬ್ ಟೆಸ್ಟ್ ಇದ್ದರೆ

ಒಂದು ಕಿಟ್ ಬಂತು ಅಂದುಕೊಳ್ಳೋಣ. ಮೆದುಳು ಜ್ವರ ಇದ್ದರೆ ನೂರಕ್ಕೆ 90 ಸಲ ಹಿಡಿಯುತ್ತೆ, ಇಲ್ಲದಿದ್ದರೆ 90 ಸಲ ಇಲ್ಲ ಅನ್ನುತ್ತೆ. ಹೊಳೆಹೊನ್ನೂರಿನ ಸರ್ಕಾರಿ ಆಸ್ಪತ್ರೆಗೆ ಜ್ವರದ 1000 ಮಕ್ಕಳು ಬಂದರು, ಅವರಲ್ಲಿ 10 ಮಕ್ಕಳಿಗೆ ನಿಜವಾಗಿ ಮೆದುಳು ಜ್ವರ. ಅಂಕಿ ಎಲ್ಲ ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡದ್ದು. ಹತ್ತರಲ್ಲಿ 9 ಸಿಕ್ಕವು. ಉಳಿದ 990ರಲ್ಲಿ 99 ಮಕ್ಕಳಿಗೂ ಪಾಸಿಟಿವ್ ಬಂತು. ಒಟ್ಟು ಪಾಸಿಟಿವ್ 108, ನಿಜ 9. ಅಂದರೆ ಪಾಸಿಟಿವ್ ಬಂದ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಕ್ಕಳ ಅಪ್ಪ ಅಮ್ಮ ಸುಮ್ಮನೆ ಎದೆ ಒಡೆದುಕೊಂಡು ಶಿವಮೊಗ್ಗಕ್ಕೆ ಓಡಿದರು. ಅದನ್ನ ಸಹಿಸಬಹುದು. ಸಹಿಸಲಾಗದ್ದು ನೆಗೆಟಿವ್ ಬಂದ ಆ ಹತ್ತನೇ ಮಗು. "ಟೆಸ್ಟ್ ನಾರ್ಮಲ್ ಬಂದಿದೆ" ಅಂತ ಸಿರಪ್ ಹಿಡಿದು ಮನೆಗೆ ಹೋದ ಮಗು ಅದು. ಕಿಟ್ ಇಲ್ಲದಿದ್ದರೆ, ಮಂಕಾಗಿ ಕೂತಿದೆ, ಕರೆದರೆ ನೋಡುತ್ತಿಲ್ಲ ಅನ್ನೋದೊಂದನ್ನೇ ಗಮನಿಸಿ ಅನುಭವಿ ನರ್ಸ್ ಅದನ್ನ ಆಂಬುಲೆನ್ಸ್ ಹತ್ತಿಸುತ್ತಿದ್ದರೋ ಏನೋ.

ಇಷ್ಟರ ಮೇಲೂ ಈ ಸಂಶೋಧನೆ ಬೇಡ ಅನ್ನೋದು ನಮ್ಮ ವಾದ ಅಲ್ಲ. ಮಾಡುವುದಾದರೆ ಹೀಗೆ ಮಾಡಬೇಕು ಅಂತ ನಾವು ಚಹಾ ಕುಡಿಯುತ್ತಾ ಒಂದು ಪಟ್ಟಿ ಹಾಕಿದೆವು. ಸ್ವಾಬನ್ನ ಮೆಗ್ಗಾನಿನ ಐ.ಸಿ.ಯು.ನಲ್ಲಿ ಅಲ್ಲ, ಹೊಳೆಹೊನ್ನೂರು, ಆನವೇರಿಯಂಥ ಕಡೆ ಮಗು ಜ್ವರ ಅಂತ ಮೊದಲ ಸಲ ಬಂದಾಗ, ಆಂಟಿಬಯಾಟಿಕ್ ಬೀಳುವ ಮೊದಲೇ ತೆಗೆಯಬೇಕು. ತೆಗೆದ ಗಂಟೆ, ಹಿಂದಿನ ಮೂರು ದಿನ ಕುಡಿದ ಔಷಧಿ, ಕೊನೆಯ ಊಟ ಚೀಟಿಯಲ್ಲಿ ಬರೆಯಬೇಕು. ಸಾವಿರ ಸ್ವಾಬ್ ಐಸ್ ಪೆಟ್ಟಿಗೆಯಲ್ಲಿ ಇಟ್ಟು, ಅದರಲ್ಲಿ ಯಾವ ಹತ್ತು ಮಕ್ಕಳಿಗೆ ಆಮೇಲೆ ಬೆನ್ನಿನ ನೀರಿನಲ್ಲಿ ಕಾಯಿಲೆ ಖಚಿತವಾಯಿತೋ ನೋಡಿ, ಅದೇ ವಾರ ಅದೇ ಊರಿಂದ ಬಂದ ಬೇರೆ ಜ್ವರದ ಮಕ್ಕಳ ಸ್ವಾಬಿನ ಜತೆ ಹೋಲಿಸಬೇಕು. ದುಡ್ಡು ಬೇಕು, ಫ್ರೀಜರ್ ಬೇಕು, ಗದ್ದೆಗೆ ನೀರು ಬಿಟ್ಟ ದಿನದಿಂದ ಕೊಯ್ಲಿನವರೆಗೆ ತಾಳ್ಮೆ ಬೇಕು. ಕರೆಂಟ್ ಹೋದರೂ ಸ್ವಾಬ್ ಕೆಡದ ಹಾಗೆ ನೋಡಿಕೊಳ್ಳುವ, ಹಳ್ಳಿಯ ಆಸ್ಪತ್ರೆಯ ಕೋಣೆಯಲ್ಲಿ ಹಿಡಿಸುವ ಸಣ್ಣ ಪೆಟ್ಟಿಗೆಯೊಂದನ್ನ ಮಾಡೋಕೆ ನಮ್ಮ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಆಗುತ್ತೆ. ಎಂಟನೇ ಸೆಮಿಸ್ಟರಿಗೆ ಪ್ರಾಜೆಕ್ಟ್ ಹುಡುಕುತ್ತಿರುವವರು ಸಂಘದ ಕೋಣೆಗೆ ಬನ್ನಿ, ಪಟ್ಟಿ ಇನ್ನೂ ಬೋರ್ಡಿನ ಮೇಲಿದೆ.